ಹಲ್ಲಿನ ಡಾಕ್ಟರ ಬ್ರೆಡ್ಡು

ಹಲ್ಲಿನ ಡಾಕ್ಟರಿಗೆ ಬ್ರೆಡ್ಡು ಮಾಡುವ ಹುಚ್ಚು ಹಿಡಿದದ್ದು ಅಂಗಡಿ ಬ್ರೆಡ್ಡಿನ ಮೇಲಿನ ಸಿಟ್ಟಿನಿಂದ. ಒಂದು ಬೆಳಿಗ್ಗೆ ತಿಂಡಿಗೆ ಕೂತವರು ಪೊಟ್ಟಣದ ಹಿಂದಿನ ಸಣ್ಣಕ್ಷರಗಳನ್ನೆಲ್ಲ ಓದಿ, "ಇದು ತಿನ್ನೋ ವಸ್ತು ಅಲ್ಲ, ಗೋಡೆಗೆ ಮೆತ್ತೋ ವಸ್ತು" ಎಂದು ತೀರ್ಪು ಕೊಟ್ಟರು. ಅಂದೇ ಗಾಜಿನ ಜಾಡಿಯಲ್ಲಿ ಹಿಟ್ಟು, ನೀರು ಕಲಸಿ ಹುಳಿಯಲು ಇಟ್ಟರು. ಆ ಹುಳಿಹಿಟ್ಟಿಗೆ ದಿನವೂ ಹೊಸ ಹಿಟ್ಟು ಉಣಿಸಬೇಕು, ಬಿಸಿಲು ತಾಗಬಾರದು, ಚಳಿಯಾಗಬಾರದು. ಹೆಂಡತಿಗೆ ಜ್ವರ ಬಂದರೆ ಒಂದು ಮಾತ್ರೆ ಎತ್ತಿಕೊಡದ ಮನುಷ್ಯ, ಜಾಡಿಗೆ ಟವೆಲು ಹೊದಿಸಿ, ಆಗಾಗ ಹೋಗಿ ಮೂಸಿ ಬರುತ್ತಿದ್ದರು.

ಮೊದಲ ಬ್ರೆಡ್ಡು ಓವನ್ನಿನಿಂದ ಹೊರಬಂದಾಗ ಹೆಂಡತಿ ಅದನ್ನು ಕೈಯಲ್ಲೇ ತೂಗಿ ನೋಡಿದರು. ಅವರು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ತಪ್ಪು ಉತ್ತರವನ್ನು ದೂರದಿಂದಲೇ ಗುರುತಿಸುವವರು.

"ಹೊರಗೆ ಕಲ್ಲಾಗಿದೆ, ಒಳಗೆ ಹಸಿ ಇದೆಯಲ್ಲ ರೀ."

"ಅದಕ್ಕೆ ತೊಗಟೆ ಅಂತಾರೆ. ತೊಗಟೆ ಇಲ್ಲದ್ದು ಬ್ರೆಡ್ಡೇ ಅಲ್ಲ. ನಿನಗೆ ಅಂಗಡಿಯ ಹತ್ತಿಯಂಥ ಬ್ರೆಡ್ಡು ತಿಂದು ಅಭ್ಯಾಸ."

ಮೇಡಂ ಮರುದಿನದಿಂದ ಡಬ್ಬಿ ಕಟ್ಟಿಕೊಂಡು ಹೋಗುವುದನ್ನು ಬಿಟ್ಟು ಶಾಲೆಯ ಕ್ಯಾಂಟೀನಿನಲ್ಲೇ ತಿನ್ನತೊಡಗಿದರು.

ಮನೆಯಲ್ಲಿ ಸಿಗದ ಮೆಚ್ಚುಗೆ ಕ್ಲಿನಿಕ್ಕಿನಲ್ಲಿ ಧಾರಾಳವಾಗಿ ಸಿಕ್ಕಿತು. ಚಿಕಿತ್ಸೆ ಮುಗಿಸಿಕೊಂಡು ಹೊರಟವರಿಗೆಲ್ಲ ಡಾಕ್ಟರು ಕಾಗದದಲ್ಲಿ ಸುತ್ತಿದ ಒಂದು ತುಂಡು ಬ್ರೆಡ್ಡು ಕೊಡುವುದು, ಮುಂದಿನ ಸಲ ಬಂದಾಗ ಅದು ಹೇಗಿತ್ತೆಂದು ಕೇಳುವುದು ರೂಢಿಯಾಯಿತು. ಆದರೆ ಅವರು ಕೇಳುತ್ತಿದ್ದದ್ದು ಯಾವಾಗ? ರೋಗಿ ಅಂಗಾತ ಮಲಗಿ, ಮುಖದ ಮೇಲೆ ಲೈಟು ಬಿದ್ದು, ಬಾಯಿ ಪೂರ್ತಿ ತೆರೆದಿರುವಾಗ. ಕೊರೆಯುವ ಯಂತ್ರ ಇವರ ಕೈಯಲ್ಲಿ ಗುಂಯ್ ಎನ್ನುತ್ತಿರುವಾಗ. ರೋಗಿ "ಆ... ಆಆ" ಎನ್ನುತ್ತಿದ್ದ. ಡಾಕ್ಟರಿಗೆ ಅದು "ಆಹಾ" ಎಂದು ಕೇಳಿಸುತ್ತಿತ್ತು.

"ಇಂಥ ಬ್ರೆಡ್ಡನ್ನ ಜನ್ಮದಲ್ಲಿ ತಿಂದಿಲ್ಲ ಡಾಕ್ಟ್ರೇ" ಎಂದ ಇನ್ಶೂರೆನ್ಸ್ ಏಜೆಂಟ್. ಅವನ ದವಡೆ ಹಲ್ಲೊಂದು ಇನ್ನೂ ಅರ್ಧ ಕೊರೆದ ಸ್ಥಿತಿಯಲ್ಲಿತ್ತು.

"ನೀವು ಅಂಗಡಿ ಇಡಬೇಕು. ಜನ ಸಾಲು ನಿಲ್ತಾರೆ" ಎಂದ ಟೈಲರು. ಕತ್ತರಿಸಿದ ಬಟ್ಟೆ ಫ್ಯಾನಿನ ಗಾಳಿಗೆ ಹಾರದಂತೆ ಅವನು ಈ ಬ್ರೆಡ್ಡನ್ನೇ ಭಾರಕ್ಕೆ ಇಡುತ್ತಿದ್ದ.

ಹೊಗಳಿಕೆ ತಲೆಗೇರಿತು. ಕ್ಲಿನಿಕ್ಕಿನ ಪಕ್ಕದ ಮಳಿಗೆ ಖಾಲಿಯಾದದ್ದೇ ತಡ, ಡಾಕ್ಟರು ಅದನ್ನು ಹಿಡಿದು, ಆಳೆತ್ತರದ ಓವನ್ ತರಿಸಿ, 'ಡಾಕ್ಟರ ಬ್ರೆಡ್ಡು' ಎಂದು ಬೋರ್ಡು ಬರೆಸಿದರು.

"ಸ್ವಲ್ಪ ಯೋಚನೆ ಮಾಡಿ ರೀ" ಎಂದರು ಮೇಡಂ. "ಹೊಗಳಿದವರೆಲ್ಲ ನಿಮ್ಮ ಮುಂದೆ ಬಾಯಿ ತೆರೆದು ಮಲಗಿದ್ದವರು."

"ನಿನಗೆ ಹೊಟ್ಟೆಕಿಚ್ಚು."

ಅಂಗಡಿ ತೆರೆಯುವ ದಿನ ರೋಗಿಗಳೆಲ್ಲ ಬಂದಿದ್ದರು. ಬರದಿದ್ದರೆ ಕುರ್ಚಿಯಲ್ಲಿ ಮಲಗಿದಾಗ ಏನಾದೀತೋ ಎಂಬ ಭಯ. ಮುಂದಿನ ಸಾಲಿನಲ್ಲಿ ಡಾಕ್ಟರ ಸೋದರತ್ತೆ ಕೂತಿದ್ದರು. ಅವರ ಬಾಯಲ್ಲಿದ್ದ ಮೇಲಿನ, ಕೆಳಗಿನ ಎರಡೂ ಹಲ್ಲಿನ ಸೆಟ್ಟು ಡಾಕ್ಟರೇ ಮಾಡಿಕೊಟ್ಟದ್ದು. ಹೊಸ ರೋಗಿಗಳು ಅನುಮಾನಿಸಿದರೆ ಅತ್ತೆಯನ್ನು ಕರೆಸಿ, "ಅತ್ತೆ, ಸ್ವಲ್ಪ ನಗಿ" ಎನ್ನುತ್ತಿದ್ದರು. ಅತ್ತೆ ನಗುತ್ತಿದ್ದರು. ಕ್ಲಿನಿಕ್ಕಿಗೆ ಅದಕ್ಕಿಂತ ದೊಡ್ಡ ಜಾಹೀರಾತು ಇರಲಿಲ್ಲ.

ಹಿರಿಯರೆಂದು ಮೊದಲ ತುಂಡು ಅತ್ತೆಗೆ ಹೋಯಿತು. ಅದೂ ತುದಿಯ ತುಂಡು, ಪೂರ್ತಿ ತೊಗಟೆ. ಅತ್ತೆ ಕಚ್ಚಿದರು. ಎಳೆದರು. ಬರಲಿಲ್ಲ. ಎರಡೂ ಕೈಯಿಂದ ಜಗ್ಗಿದರು. ಬ್ರೆಡ್ಡು ಬಾಯಿಂದ ಹೊರಬಂತು, ಜೊತೆಗೆ ಮೇಲಿನ ಸೆಟ್ಟೂ ಬಂತು. ಅತ್ತೆಯ ಕೈಯಲ್ಲಿದ್ದ ಬ್ರೆಡ್ಡು ನೆರೆದವರನ್ನೆಲ್ಲ ನೋಡಿ ಹಲ್ಲು ಕಿರಿಯುತ್ತಿತ್ತು.

ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬೊಚ್ಚು ಬಾಯಲ್ಲೇ ಕೇಳಿದರು: "ಏನೋ ಇದು? ನೀನು ಮಾಡಿದ ಹಲ್ಲು ಶರಿಯಿಲ್ವೋ, ನೀನು ಮಾಡಿದ ಬ್ರೆಡ್ಡು ಶರಿಯಿಲ್ವೋ?"

"ಸ್ವಲ್ಪ ಜಾಸ್ತಿ ಬೆಂದಿದೆ ಅತ್ತೆ" ಎಂದಿದ್ದರೆ ಎಲ್ಲರೂ ನಕ್ಕು, ಟೀ ಕುಡಿದು ಮನೆಗೆ ಹೋಗುತ್ತಿದ್ದರು. ಡಾಕ್ಟರು ಬ್ರೆಡ್ಡನ್ನು ನೋಡಿದರು, ಹಲ್ಲನ್ನು ನೋಡಿದರು. ಹಲ್ಲು ಹೊಟ್ಟೆಪಾಡು, ಬ್ರೆಡ್ಡು ಹೊಟ್ಟೆಯ ಮಗು.

"ಬ್ರೆಡ್ಡಿಗೆ ಏನೂ ಆಗಿಲ್ಲ!" ಎಂದು ಗಟ್ಟಿಯಾಗಿ ಹೇಳಿದರು. "ಆ ಸೆಟ್ಟೇ ಸಡಿಲ. ಅಳತೆ ಸರಿಯಾಗಿ ಕೂತಿಲ್ಲ ಅಂತ ಆವತ್ತೇ ನನಗೆ ಅನುಮಾನ ಇತ್ತು."

"ಆವತ್ತೇ ಅನುಮಾನ ಇತ್ತಾ?" ಅತ್ತೆಯ ಧ್ವನಿ ಏರಿತು. "ಮತ್ತೆ ಶಾಯೋತನಕ ಬರುತ್ತೆ ಅಂದಿದ್ದೆ?"

ಅಷ್ಟು ಹೊತ್ತಿಗೆ ಅಲ್ಲಿದ್ದವರ ನಾಲಿಗೆಗಳೆಲ್ಲ ಮುಚ್ಚಿದ ಬಾಯೊಳಗೇ ಓಡಾಡತೊಡಗಿದ್ದವು. ಒಬ್ಬೊಬ್ಬರೂ ಡಾಕ್ಟರು ತುಂಬಿದ ಕುಳಿಯನ್ನೋ, ಕೂರಿಸಿದ ಹಲ್ಲನ್ನೋ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದರು.

"ಡಾಕ್ಟ್ರೇ, ನಂದೂ ಆಗಾಗ ಅಲ್ಲಾಡಿದ ಹಾಗಾಗುತ್ತೆ" ಎಂದ ಏಜೆಂಟ್. "ನಂದರ ಮೇಲೂ ಏನಾದ್ರೂ ಅನುಮಾನ ಇದೆಯಾ?"

ಮರುದಿನ ಬೆಳಿಗ್ಗೆ ಸಾಲು ನಿಂತದ್ದೇನೋ ನಿಜ, ಕ್ಲಿನಿಕ್ಕಿನ ಮುಂದೆ. ಒಬ್ಬರಿಗೆ ಹಲ್ಲು ಬಿಚ್ಚಿ ಮತ್ತೆ ಕೂರಿಸಬೇಕು, ಇನ್ನೊಬ್ಬರಿಗೆ ಮೊದಲಿಂದ ಅಳತೆ ತೆಗೆಯಬೇಕು. ಜಗಳ ಮಾಡಲು ತ್ರಾಣವಿಲ್ಲದವರು ನೇರವಾಗಿ ಹಿಂದಿನ ಬೀದಿಯಲ್ಲಿದ್ದ ಹಲ್ಲಿನ ಲೇಡಿ ಡಾಕ್ಟರ ಹತ್ತಿರ ಹೋದರು. ಆಕೆ ಹೆಚ್ಚು ಮಾತಾಡುತ್ತಿರಲಿಲ್ಲ, ತಿನ್ನಲು ಏನೂ ಕೊಡುತ್ತಿರಲಿಲ್ಲ. ಇತ್ತ ಬ್ರೆಡ್ಡಿನ ಅಂಗಡಿಯ ಮುಂದೆ, ಜನ್ಮದಲ್ಲಿ ಇಂಥದು ತಿಂದಿಲ್ಲವೆಂದವರು ಎದುರಿನ ಫುಟ್‌ಪಾತ್ ಹಿಡಿದು, ಮೊಬೈಲು ನೋಡಿಕೊಂಡು ದಾಟಿಹೋಗುತ್ತಿದ್ದರು.

"ಜನಕ್ಕೆ ಹಲ್ಲು ಗಟ್ಟಿ ಇಲ್ಲ, ಅದಕ್ಕೇ ವ್ಯಾಪಾರ ಇಲ್ಲ" ಎಂದರು ಡಾಕ್ಟರು.

"ಆ ಹಲ್ಲುಗಳನ್ನ ನೋಡಿಕೊಳ್ತಿದ್ದವರು ಯಾರು?" ಎಂದು ಕೇಳಿ ಮೇಡಂ ಪರೀಕ್ಷೆಯ ಪೇಪರು ತಿದ್ದುವುದನ್ನು ಮುಂದುವರಿಸಿದರು.

ಕೆಲವು ವಾರಗಳ ಮೇಲೆ ಸೋದರತ್ತೆ ಅಂಗಡಿಗೆ ಬಂದರು. ಲೇಡಿ ಡಾಕ್ಟರು ಮಾಡಿದ ಹೊಸ ಸೆಟ್ಟು ಬಾಯಲ್ಲಿ ಮಿಂಚುತ್ತಿತ್ತು. "ಒಂದು ತುಂಡು ಕೊಡು, ತುದೀದೇ ಕೊಡು" ಎಂದರು. ಕಟಕಟ ಸದ್ದು ಮಾಡುತ್ತ, ತೊಗಟೆ ಸಮೇತ ಪೂರ್ತಿ ಜಗಿದು ನುಂಗಿದರು. ಡಾಕ್ಟರ ಕಣ್ಣಿನಲ್ಲಿ ಆಸೆ ಚಿಗುರಿತು.

"ಹೇಗಿದೆ ಅತ್ತೆ?"

"ತುಂಬ ಚೆನ್ನಾಗಿದೆ ಕಣೋ. ಎಳ್ಳಷ್ಟೂ ಅಲ್ಲಾಡಲ್ಲ."

"ನಾನು ಬ್ರೆಡ್ಡಿನ ವಿಷಯ ಕೇಳಿದ್ದು."

"ಓ, ಅದಾ? ಆವತ್ತು ಕಚ್ಚೋಕೇ ಆಗಿರಲಿಲ್ಲ. ಈಗ ರುಚಿ ಗೊತ್ತಾಗ್ತಿದೆ. ಅದೇ ತೊಂದರೆ."

ಆ ತಿಂಗಳೇ ಅಂಗಡಿ ಮುಚ್ಚಿತು. ಓವನ್ನನ್ನು ಕೇಕು ಮಾಡುವವಳೊಬ್ಬಳು ಕೊಂಡೊಯ್ದಳು. ಡಾಕ್ಟರು ಮತ್ತೆ ಬಿಳಿ ಕೋಟು ತೊಟ್ಟು ಕ್ಲಿನಿಕ್ಕಿನಲ್ಲಿ ಕೂತರು. ಈಗಲೂ ಅಷ್ಟೋ ಇಷ್ಟೋ ಜನ ಬರುತ್ತಾರೆ. ಆದರೆ ಕುರ್ಚಿಯಲ್ಲಿ ಮಲಗುವ ಮುನ್ನ, ಬಾಯಿ ಇನ್ನೂ ತಮ್ಮ ಸ್ವಾಧೀನದಲ್ಲಿರುವಾಗಲೇ, "ಅನುಮಾನ ಏನಾದ್ರೂ ಇದ್ರೆ ಈಗಲೇ ಹೇಳಿಬಿಡಿ ಡಾಕ್ಟ್ರೇ" ಎನ್ನುತ್ತಾರೆ. ಡಾಕ್ಟರು ಹಲ್ಲು ಕಚ್ಚಿಕೊಂಡು ಲೈಟು ಹಾಕುತ್ತಾರೆ.