ಸೈಕಲ್ಲಿಗೆ ಕಟ್ಟಿದ ಕೊರಳಗಂಟೆ

ಬಾಬಾಸಾಹೇಬನ ಬ್ಯಾಟರಿ ಸೈಕಲ್ಲಿಗೆ ಸದ್ದೇ ಇರಲಿಲ್ಲ. ಮೇವಿನ ಹೊರೆ ಹೊತ್ತ ಹೆಂಗಸೊಬ್ಬಳು ಕೇಳಿಸದೆ ಅಡ್ಡ ಬಂದಾಗ, ಅವನು ಸತ್ತಿ ಊರಿನ ರಸ್ತೆಯ ಬದಿಗೆ ಬಿದ್ದು ಮೊಣಕಾಲು ತರಚಿಕೊಂಡು ಮನೆಗೆ ಬಂದ.

ಹೋದ ವರ್ಷ ಸತ್ತ ಎತ್ತು ಸೋಮನ ಕೊರಳಗಂಟೆಗೆ ಬಾಬಾಸಾಹೇಬನ ಹೆಂಡತಿ ಲಕ್ಕವ್ವ ದೇವರ ಜಗಲಿಯಲ್ಲಿ ದಿನಾ ಕುಂಕುಮ ಹಚ್ಚುತ್ತಿದ್ದಳು. ಅದನ್ನೇ ಸೈಕಲ್ಲಿಗೆ ಕಟ್ಟಲು ತಂದಳು.

“ಹಾರ್ನ್ ಐತಲ್ಲ?” ಎಂದ.

“ಹಾರ್ನಿಗೆ ಮಂದಿ ಬೆಚ್ಚಿ ನಡುರಸ್ತೆಗೇ ಜಿಗೀತಾರ. ಇದು ದೂರದಿಂದನ ಹೇಳತೈತ್ರಿ.”

“ಎತ್ತಿನ ಗಂಟಿ ಸೈಕಲ್ಲಿಗೆ? ನಗತಾರ, ಹುಚ್ಚಿ!”

“ನಗಲಿ ಬಿಡ್ರಿ. ಬದಿಗೆ ಸರದು ನಗತಾರ.”

ಮರುದಿನ ಸಂಜೆ ಸೈಕಲ್ಲಿನ ಗಂಟೆ ಕೇಳಿ ಹೊರೆ ಹೊತ್ತವರೆಲ್ಲ ಮೊದಲೇ ಸರಿದು ನಿಂತರು. ಗಂಟೆಯ ಸದ್ದು ಓಣಿಗೆ ಬಂದಾಗ ಲಕ್ಕವ್ವ ತನಗರಿವಿಲ್ಲದೆ ನೀರಿನ ಬಕೆಟ್ ಎತ್ತಿಕೊಂಡು ಸೋಮನ ಖಾಲಿ ಗೂಟದ ಬಳಿ ನಿಂತಿದ್ದಳು. ಬಾಬಾಸಾಹೇಬ ಸೈಕಲ್ಲನ್ನು ನಿಧಾನವಾಗಿ ತಳ್ಳಿಕೊಂಡು ಬಂದು ಅದೇ ಗೂಟದ ಪಕ್ಕ ನಿಲ್ಲಿಸಿದ.