ಡಿಸೆಂಬರಿನ ಜಿಂಕೆ

"ಓಕ್ ದಿಬ್ಬಕ್ಕೆ ಹೋಗೋದೇ ಬೇಡ," ಎಂದು ಹಿಲ್ಯಾ ಪಿಕಪ್ಪಿನ ಬಾಗಿಲನ್ನು ಸದ್ದಾಗದಂತೆ ಒತ್ತಿ ಮುಚ್ಚಿದಳು.

"ಅಕ್ಟೋಬರಲ್ಲಿ ನಾನು ಹೊಡೆದಿದ್ದು ಅಲ್ಲೇ," ಎಂದ ತಮ್ಮ ಓರ್ವೊ. "ಮೊದಲನೇ ವಾರದಲ್ಲೇ, ಬರೀ ಅಂಗೀಲಿ ಕೂತು."

"ಆಗ ಓಕ್ ಕಾಯಿ ಉದುರಿತ್ತು. ಈಗ ಮೊಣಕಾಲುದ್ದ ಹಿಮ. ಬಗೆದು ತಿನ್ನೋಕೆ ಜಿಂಕೆ ಏನು ನಿನ್ನಷ್ಟು ದಡ್ಡಾನಾ?"

ಓರ್ವೊ ನಕ್ಕ. ಜಿಂಕೆ ಬಿದ್ದರೆ ಎಳೆದು ತರಲು ಬಂದಿದ್ದೇನೆ ಎಂದಿದ್ದನಾದರೂ ಅಕ್ಕನನ್ನು ಕಾಯಲೆಂದೇ ಬಂದಿದ್ದ. ಅರವತ್ತಮೂರರ ಹಿಲ್ಯಾಳ ಬಲಭುಜಕ್ಕೆ ಆ ವಸಂತದಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ನವೆಂಬರಿನ ಹಬ್ಬದೂಟದಲ್ಲಿ ಅವನು ಎಲ್ಲರೆದುರು, "ಈ ವರ್ಷ ಬೇಟೆ ಬಿಟ್ಬಿಡು. ನನ್ನ ಮಾಂಸದಲ್ಲಿ ಅರ್ಧ ತಗೊಂಡ್ಹೋಗು. ನೀನು ಬೇಟೆಗೆ ಕೂರೋ ಜಾಗ ಬೇಕಾದ್ರೆ ನನ್ನ ಅಳಿಯ ನೋಡ್ಕೋತಾನೆ," ಎಂದಿದ್ದ. ಹಿಲ್ಯಾ ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ನುಂಗಿ, "ಇನ್ನೂ ಡಿಸೆಂಬರ್ ಇದೆ," ಎಂದಷ್ಟೇ ಹೇಳಿದ್ದಳು.

ಅವಳು ಸುಮ್ಮನೆ ಹೇಳಿರಲಿಲ್ಲ. ಸುಪೀರಿಯರ್ ಸರೋವರದ ದಡದ ರಸ್ತೆಯಲ್ಲಿ ಶಾಲೆಯ ಬಸ್ಸು ಓಡಿಸುವವಳು. ಮಕ್ಕಳನ್ನೆಲ್ಲ ಇಳಿಸಿ ಖಾಲಿ ಬಸ್ಸಿನಲ್ಲಿ ಮರಳುವಾಗ ಮೂರು ವಾರದಿಂದ ಒಂದೇ ತಿರುವಿನಲ್ಲಿ ಗೊರಸಿನ ಹಾದಿ ದಿನೇ ದಿನೇ ಆಳವಾಗುವುದನ್ನು ನೋಡಿದ್ದಳು. ಅಕ್ಟೋಬರಿನ ಜಿಂಕೆಗೆ ಹೊಟ್ಟೆ ತುಂಬಿರುತ್ತದೆ, ಮನುಷ್ಯನ ಭಯ ಕಡಿಮೆ. ನವೆಂಬರಿಡೀ ಗುಂಡಿನ ಸದ್ದು ಕೇಳಿ ಉಳಿದುಕೊಂಡದ್ದು ಬೇರೆಯೇ ಪ್ರಾಣಿ. ಆದರೆ ಅದಕ್ಕೂ ಹಸಿವಾಗುತ್ತದೆ. ಗಾಳಿಗೆ ಉರುಳಿದ ದೇವದಾರಿನ ಹಸಿರು ಸೊಪ್ಪು ಬಾಯಿಗೆಟುಕುವಂತಿರುವಾಗ, ಆ ತಿರುವಿನ ಪಕ್ಕದ ಬಿಸಿಲು ಬೀಳುವ ಇಳಿಜಾರಿಗೆ ಮಧ್ಯಾಹ್ನ ಬಂದೇ ಬರುತ್ತದೆ.

ಇಳಿಜಾರು ಕಾಣುವಂತೆ, ಗಾಳಿಗೆ ಮುಖ ಕೊಟ್ಟು ಇಬ್ಬರೂ ಕೂತರು. ಓರ್ವೊ ಎರಡು ಸಲ ಗಡಿಯಾರ ನೋಡಿದ. ಎರಡೂವರೆಗೆ ಮೂರು ಹೆಣ್ಣು ಜಿಂಕೆಗಳು ಬಂದವು. ಅವುಗಳ ಹಿಂದೆ, ಬಹಳ ಹೊತ್ತು ಅನುಮಾನಿಸಿ, ಗಂಡು.

"ಥತ್, ಒಂದು ಕೊಂಬು ಉದುರೋಗಿದೆ," ಎಂದು ಓರ್ವೊ ಪಿಸುಗುಟ್ಟಿದ. "ಗೋಡೆಗೆ ಹಾಕೋಕೂ ಆಗಲ್ಲ. ಬಿಡು."

"ನಾನೇನು ಗೋಡೆ ತಿಂತೀನಾ?"

ಹರಿದ ಎಡಗಿವಿ ನೋಡಿದೊಡನೆ ಅವಳಿಗೆ ಗುರುತು ಸಿಕ್ಕಿತ್ತು. ಅಕ್ಟೋಬರಿನಲ್ಲಿ ಅದು ಕಾಡುಸೇಬಿನ ಮರದಡಿ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿತ್ತು, ತಲೆಯ ಮೇಲೆ ಎರಡೂ ಕೊಂಬು. ಆ ತಿಂಗಳು ಬೇಟೆಗೆ ಬಿಲ್ಲಿಗಷ್ಟೇ ಅನುಮತಿ. ಅವಳು ಹೆದೆಯನ್ನು ಪೂರ್ತಿ ಎಳೆದಿದ್ದಳು. ತೋಳು ನಡುಗತೊಡಗಿತು. ಬಾಣ ಹೊಟ್ಟೆಗೆ ನಾಟಿದರೆ ಆ ಜೀವ ಎರಡು ದಿನ ಕಾಡಿನಲ್ಲಿ ನರಳೀತು ಎಂದು ಹೆದೆಯನ್ನು ಮೆಲ್ಲಗೆ ಸಡಿಲಿಸಿದ್ದಳು. ಆಮೇಲೆ ದಿನವೂ ಬಸ್ಸಿನ ಶೆಡ್ಡಿನಲ್ಲಿ ರಬ್ಬರ್ ಪಟ್ಟಿ ಎಳೆದು ಭುಜ ಪಳಗಿಸಿದ್ದಳು.

ಈಗ ಕೈಯಲ್ಲಿದ್ದದ್ದು ಡಿಸೆಂಬರಿನ ಬೇಟೆಗೆ ಅನುಮತಿಯಿದ್ದ ಕೇಪಿನ ಕೋವಿ. ಒಂದೇ ಗುಂಡು, ಮತ್ತೆ ಮದ್ದು ತುಂಬುವಷ್ಟರಲ್ಲಿ ಕಾಡು ಖಾಲಿಯಾಗಿರುತ್ತದೆ. ಕವಲುಕೋಲಿನ ಮೇಲೆ ನಳಿಗೆಯಿಟ್ಟು, ಗಂಡು ಪಕ್ಕಕ್ಕೆ ತಿರುಗುವವರೆಗೆ ಕಾದಳು. ಆತುರವೇನೂ ಇರಲಿಲ್ಲ. ಉಸಿರು ಬಿಟ್ಟಳು, ಒತ್ತಿದಳು.

ಬಿಳಿ ಹೊಗೆ ಕಣ್ಣೆದುರು ತುಂಬಿತು. ಅದು ಚದುರುವಷ್ಟರಲ್ಲಿ ಜಿಂಕೆ ನಲವತ್ತು ಹೆಜ್ಜೆ ಓಡಿ ಬಿದ್ದಿತ್ತು.

"ಹಿಲ್ಯಾ! ಬಿತ್ತು ಕಣೇ!"

"ಕೂತ್ಕೋ. ಹತ್ತು ನಿಮಿಷ ಬಿಡು ಅದನ್ನ, ಜೀವ ಹೋಗ್ಲಿ."

ಕೂತಾಗ ಅವಳೇ ಹೇಳಿದಳು. "ಅಕ್ಟೋಬರಲ್ಲಿ ನನ್ನೆದುರಿಗೆ ಬಂದಿತ್ತು ಇದು."

"ಬಂದೇ ಇಲ್ಲ ಅಂದಿದ್ದೆ?"

"ಕೈ ನಡುಗ್ತು. ಬಿಟ್ಟೆ. ನಿಂಗೆ ಹೇಳಿದ್ರೆ ನೀನು ಅವತ್ತೇ ನನ್ನ ಜಾಗ ಅಳಿಯನ ಹೆಸರಿಗೆ ಬರೀತಿದ್ದೆ."

ಓರ್ವೊ ಕೈಗವಸು ಬಿಚ್ಚಿ ಮತ್ತೆ ಹಾಕಿಕೊಂಡ. "ಅವನಿಗೆ ಬೇರೆ ಕಡೆ ನೋಡ್ತೀನಿ ಬಿಡು."

"ಬೇಡ, ಇಲ್ಲಿಗೇ ಕಳಿಸು. ಡಿಸೆಂಬರಲ್ಲಿ ಕಳಿಸು. ಬೇಟೆ ಅಂದ್ರೇನು ಅಂತ ತೋರಿಸ್ತೀನಿ."

ಬೆದೆಗಾಲದ ಓಡಾಟದಲ್ಲಿ ಜಿಂಕೆ ಸೊರಗಿತ್ತು. ಆದರೂ ಚಳಿಗಾಲಕ್ಕೆ ಸಾಕಷ್ಟಿತ್ತು. ಹಿಲ್ಯಾ ಹೊಟ್ಟೆ ಸೀಳಿದಾಗ ಬಿಸಿ ಹಬೆ ಎದ್ದು ಓರ್ವೊನ ಕನ್ನಡಕ ಮಸುಕಾಯಿತು. ಅವನು ಅದನ್ನು ಒರೆಸುತ್ತಿರುವಾಗ ಕರಿತಲೆಯ ಪುಟ್ಟ ಹಕ್ಕಿಯೊಂದು ಬಂದು ತೆರೆದ ಪಕ್ಕೆಯ ಮೇಲೆ ಕೂತು, ಕೊಬ್ಬಿನ ಚೂರೊಂದನ್ನು ಕಿತ್ತಿತು. ಹಾರಿಹೋಗಲಿಲ್ಲ, ಇನ್ನೊಂದನ್ನು ಆರಿಸತೊಡಗಿತು. ಅದರ ಊಟ ಮುಗಿಯುವವರೆಗೆ ಅಕ್ಕ ತಮ್ಮ ಇಬ್ಬರೂ ಅಲ್ಲಾಡದೆ ಕೂತರು.