ಭಾರ ಇದೆ, ನೋಡ್ಕೋ

ಈ ಕತೆಯಲ್ಲಿ ಅನಾಹುತ ಮಾಡಿದ್ದು ಎಂಜಿನ್ನೂ ಅಲ್ಲ, ಟೈರೂ ಅಲ್ಲ, ತಿರುವಿನಲ್ಲಿ ಚೆಲ್ಲಿದ ಎಣ್ಣೆಯೂ ಅಲ್ಲ. ಮೂರೇ ಮೂರು ಪದ. ಅದೂ ಗಂಡ ಹೆಂಡತಿಗೆ ಹೇಳಿದ್ದು. ಅರ್ಧ ಮಾತು ತಾವು ಹೇಳಿ ಉಳಿದರ್ಧ ಹೆಂಡತಿಗೆ ತಾನಾಗಿಯೇ ತಿಳಿಯುತ್ತದೆ ಎಂದುಕೊಳ್ಳುವ ಚಾಳಿಯನ್ನು ಈ ಗಂಡಂದಿರು ಯಾವ ಕಾಲಕ್ಕೆ ಬಿಡುತ್ತಾರೋ, ದೇವರೇ ಬಲ್ಲ.

ಹೆಂಡತಿ ಸೀಟು ಹೊಲಿಯುವವಳು. ಬಸ್ಸಿನ ಸೀಟು, ಲಾರಿಯ ಸೀಟು, ಕ್ಷೌರದಂಗಡಿಯ ತಿರುಗುವ ಕುರ್ಚಿ, ಹಲ್ಲಿನ ಡಾಕ್ಟರ ಹತ್ತಿರ ನಾವೆಲ್ಲ ಬಾಯಿ ತೆರೆದು ಒರಗುವ ಕುರ್ಚಿ, ಎಲ್ಲದಕ್ಕೂ ಅವಳದೇ ಸೂಜಿ. ಬೀದಿಯಲ್ಲಿ ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಆದರೆ ಒಡಹುಟ್ಟಿದ ತಂಗಿ ಒಬ್ಬಳೇ. ಅಮ್ಮ ತೀರಿಕೊಂಡಾಗ ತಂಗಿಗೆ ಏಳು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಜಡೆ ಹಾಕಿದ್ದು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಇಟ್ಟಿದ್ದು, ಸ್ಕೂಲಿನಲ್ಲಿ ಹೊಡೆದಾಡಿ ಬಂದಾಗ ಮೊದಲು ಬೈದು ಆಮೇಲೆ ಯಾರು ಗೆದ್ದರೆಂದು ಕೇಳಿದ್ದು, ಎಲ್ಲವೂ ಅಕ್ಕನೇ.

ಅಕ್ಕನ ಗಂಡ ಮೆಕ್ಯಾನಿಕ್. ಅವನ ಗ್ಯಾರೇಜಿಗೂ ಅಕ್ಕನ ಅಂಗಡಿಗೂ ನಡುವೆ ಒಂದೇ ಗೋಡೆ. ಹುಡುಗಿ ಬೆಳೆದಿದ್ದು ಆ ಗೋಡೆಯ ಆಚೆ ಈಚೆ ಓಡಾಡಿಕೊಂಡು. ಅಕ್ಕನ ಕಡೆ ಬಂದರೆ ಸೂಜಿಗೆ ದಾರ ಪೋಣಿಸುವ ಕೆಲಸ. ಭಾವನ ಕಡೆ ಹೋದರೆ ಸ್ಟಿಯರಿಂಗ್ ಹಿಡಿದು ಕೂರುವ ಸುಖ. ಯಾವ ಕಡೆ ಹೆಚ್ಚು ಹೊತ್ತು ಕಳೆದಳೆಂದು ಬೇರೆ ಹೇಳಬೇಕಾಗಿಲ್ಲ. ಭಾವನೇ ಬಿಡಿಭಾಗ ಜೋಡಿಸಿ ಕಟ್ಟಿದ ನೀಲಿ ಕಾರಿನಲ್ಲಿ ಅವಳು ಎಂಟು ವರ್ಷದಿಂದ ರೇಸ್ ಓಡಿಸುತ್ತಿದ್ದಳು. ಮೂರನೆಯ ಸ್ಥಾನ ಬಂದಿತ್ತು, ಎರಡನೆಯದು ಬಂದಿತ್ತು, ಒಂದು ಸಲ ಹುಲ್ಲಿನ ರಾಶಿಗೆ ನುಗ್ಗಿದ್ದೂ ಆಗಿತ್ತು. ಮೊದಲನೆಯ ಸ್ಥಾನ ಮಾತ್ರ ಪ್ರತಿ ಸಲವೂ ಹಳದಿ ಕಾರಿನವನ ಪಾಲು.

ಆ ಶನಿವಾರ ಮಧ್ಯಾಹ್ನ ರೇಸಿನ ಮೈದಾನದಲ್ಲಿ ಕಾರುಗಳ ತಪಾಸಣೆ ನಡೆಯಿತು. ಟ್ಯಾಂಕು ಖಾಲಿ ಮಾಡಿ, ಡ್ರೈವರನ್ನು ಕೂರಿಸಿ ತೂಗುತ್ತಾರೆ. ಏಳುನೂರು ಕೇಜಿಗೆ ಕಡಿಮೆ ಇರುವಂತಿಲ್ಲ. ಹಗುರ ಕಾರು ಬೇಗ ಓಡುತ್ತದಲ್ಲ, ಅದಕ್ಕೆ ಈ ಕಟ್ಟುಪಾಡು. ನೀಲಿ ಕಾರು ಏಳುನೂರ ಎರಡು ತೂಗಿತು, ಪಾಸಾಯಿತು. ಇಳಿಯುವಾಗ ತಂಗಿ, "ಭಾವ, ಸೀಟಿನ ಹೊಲಿಗೆ ಬಿಟ್ಟಿದೆ, ಬೆನ್ನಿಗೆ ಏನೋ ಚುಚ್ಚತ್ತೆ" ಎಂದಳು. ಭಾವ ಸೀಟನ್ನಷ್ಟೇ ಬಿಚ್ಚಿ ವ್ಯಾನಿಗೆ ಹಾಕಿಕೊಂಡು ಬಂದ. ಅಕ್ಕನ ಅಂಗಡಿ ಬಾಗಿಲಲ್ಲಿ ಇಳಿಸುವಾಗ ಅವನ ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಕೊಂಡಿತ್ತು. ಆ ತುದಿಯಲ್ಲಿ ಟೈರಿನವನ ಜೊತೆ ಜಗಳ ನಡೆದಿತ್ತು. ಸೀಟನ್ನು ಮೇಜಿನ ಮೇಲಿಟ್ಟು, "ಭಾರ ಇದೆ, ನೋಡ್ಕೋ" ಎಂದವನೇ ಜಗಳ ಮುಂದುವರಿಸುತ್ತ ಹೊರಟುಹೋದ.

ಕಾರಿನ ತೂಕ ಕಡಿಮೆ ಬಿದ್ದರೆ ಸೀಸದ ಗಟ್ಟಿ ಇಟ್ಟು ಸರಿದೂಗಿಸುತ್ತಾರೆ. ಗ್ಯಾರೇಜಿನವರು ಅದಕ್ಕೆ 'ಭಾರ' ಎನ್ನುತ್ತಾರೆ. ನಾಲ್ಕು ಕೇಜಿಯ ಅಂಥ ಒಂದು ಗಟ್ಟಿಯನ್ನು ಅವನು ಹಿಂದಿನ ವಾರವಷ್ಟೇ ಸೀಟಿನ ಅಡಿಯಲ್ಲಿ ಸೇರಿಸಿದ್ದ. ಒಳಗೆ ಭಾರ ಇಟ್ಟಿದ್ದೇನೆ, ಹೊಲಿಯುವಾಗ ಜೋಪಾನ ಎಂಬುದು ಅವನ ಮಾತಿನ ಅರ್ಥ. ಗೋಡೆಯ ಆಚೆಯ ಭಾಷೆ ಈಚೆಗೆ ಬಂದಿರಲಿಲ್ಲ. ಸೀಟು ಭಾರವಾಗಿದೆ, ಏನಾದರೂ ಮಾಡು ಎಂದು ಅಕ್ಕ ಅರ್ಥ ಮಾಡಿಕೊಂಡಳು. ಕನ್ನಡ ಬಲ್ಲ ಯಾರಾದರೂ ಹೇಳಲಿ, ಅವಳದೇನು ತಪ್ಪು?

ಸದ್ಯ, ಈಗಲಾದರೂ ಇವರ ತಲೆಗೆ ಹೊಳೆಯಿತಲ್ಲ ಎಂದುಕೊಂಡೇ ಅಕ್ಕ ಕತ್ತರಿ ತೆಗೆದಳು. ರೆಕ್ಸಿನ್ ಬಿಡಿಸಿ ಸ್ಪಂಜು ಎತ್ತಿದರೆ ಕೆಳಗೆ ಟಾರ್ಪಾಲಿನ ಒಂದು ಗಂಟು. ಅದರ ಮೇಲಿನ ಹೊಲಿಗೆ ನೋಡಿಯೇ ಅವಳಿಗೆ ಮೈ ಉರಿಯಿತು. ಒಂದು ಹೊಲಿಗೆ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಬಿಚ್ಚಿದರೆ ಸೀಸ! ಸೀಟು ಗುಜರಿಯಿಂದ ತಂದದ್ದು, ಹಳೆಯ ಮಾಲೀಕ ತುರುಕಿದ್ದಿರಬೇಕು ಎಂದುಕೊಂಡಳು. "ಯಾವ ಪುಣ್ಯಾತ್ಮನಪ್ಪ ಇವನು! ಇಷ್ಟು ದಿನ ನನ್ನ ತಂಗೀನ ಇದರ ಮೇಲೆ ಕೂರಿಸಿದ್ದಾರಲ್ಲ!" ಎಂದು ಖಾಲಿ ಅಂಗಡಿಗೆ ಕೇಳಿಸುವಂತೆ ಬೈದು, ಗಟ್ಟಿಯನ್ನು ಕತ್ತರಿಸುವ ಮೇಜಿನ ಮೇಲಿಟ್ಟಳು. ರೆಕ್ಸಿನ್ ಸರಿದಾಡದಂತೆ ಒತ್ತಿಡಲು ಹೇಳಿ ಮಾಡಿಸಿದ ಹಾಗಿತ್ತು. ಹೊಸ ಸ್ಪಂಜು ಹಾಕಿ, ತಂಗಿಯ ಬೆನ್ನಿನ ಅಳತೆಗೆ ಸರಿಯಾಗಿ ಹೊಲಿದಳು. ಭಾನುವಾರ ಬೆಳಿಗ್ಗೆ ತಾನೇ ಮೈದಾನಕ್ಕೆ ಹೊತ್ತುಕೊಂಡು ಹೋಗಿ ನಾಲ್ಕು ಬೋಲ್ಟನ್ನೂ ತಾನೇ ಬಿಗಿದಳು. ಗಂಡ ಆಗ ಕಾರಿನ ಕೆಳಗೆ ಮಲಗಿದ್ದ; ಅವನ ಎರಡು ಪಾದ ಮಾತ್ರ ಕಾಣುತ್ತಿದ್ದವು.

ಇಪ್ಪತ್ತು ಸುತ್ತಿನ ರೇಸು. ಹದಿನೆಂಟನೆಯ ಸುತ್ತಿನವರೆಗೂ ಹಳದಿ ಕಾರು ಮುಂದೆ. ಹತ್ತೊಂಬತ್ತರಲ್ಲಿ ನೀಲಿ ಕಾರು ಒಳತಿರುವಿಗೆ ಮೂಗು ತೂರಿಸಿತು, ಇಪ್ಪತ್ತರಲ್ಲಿ ಅರ್ಧ ಕಾರಿನಷ್ಟು ಮುಂದೆ ಬಂದು ಗೆದ್ದಿತು. ಅಕ್ಕ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಳು. ಪಕ್ಕದಲ್ಲಿ ನಿಂತಿದ್ದ ಅಪರಿಚಿತ ಹೆಂಗಸನ್ನು ತಬ್ಬಿಕೊಂಡಳು. ಆಕೆಯೂ ತಬ್ಬಿಕೊಂಡಳು, ಪಾಪ. ಎಂಟು ವರ್ಷ!

ಆ ಸಂತೋಷ ಇಪ್ಪತ್ತು ನಿಮಿಷ ಬಾಳಿತು. ತಗಡಿನ ಸೂರಿನ ಕೆಳಗೆ ತಕ್ಕಡಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ವಯಸ್ಸಾದವರನ್ನು ಎಲ್ಲರೂ ತೂಕದ ಮೇಷ್ಟ್ರು ಎನ್ನುತ್ತಿದ್ದರು. ಅವರು ಕನ್ನಡಕ ಒರೆಸಿಕೊಂಡು ಅಂಕಿಯನ್ನು ಎರಡು ಸಲ ಓದಿದರು.

"ಆರುನೂರ ತೊಂಬತ್ತೆಂಟು," ಎಂದರು. "ನಿನ್ನೆ ಏಳುನೂರ ಎರಡಿತ್ತಲ್ಲಪ್ಪ? ಒಂದೇ ದಿನಕ್ಕೆ ನಾಲ್ಕು ಕೇಜಿ ಇಳಿಯೋಕೆ ಇದೇನು ಮದುವೆ ಗೊತ್ತಾದ ಹುಡುಗೀನಾ?"

ಯಾರೂ ನಗಲಿಲ್ಲ. ಮೆಕ್ಯಾನಿಕ್ ಸೀಟಿನ ಮೇಲೆ ಅಂಗೈ ಒತ್ತಿ ನೋಡಿದ. ತಲೆಯೆತ್ತಿ ಹೆಂಡತಿಯ ಮುಖವನ್ನು ಒಂದೇ ಒಂದು ಸಲ ನೋಡಿದ, ಮತ್ತೆ ನೆಲ ನೋಡಿದ.

"ಭಾವ, ಸೀಟಲ್ಲಿ ಇಟ್ಟಿದ್ದ ಸೀಸ ಎಲ್ಲಿ?" ತಂಗಿ ಕೇಳಿದಳು. "ತಪಾಸಣೆ ಆದ್ಮೇಲೆ ನೀವೇ ತೆಗೆದ್ರಾ?"

"ನನ್ನಿಂದ ತಪ್ಪಾಯ್ತು ಕಣಮ್ಮ," ಎಂದ ಭಾವ.

ಅಕ್ಕನಿಗೆ ಆಗ ಎಲ್ಲವೂ ತಿಳಿಯಿತು. ಬಾಯಿ ತೆರೆದಳು. ಬೆಳಿಗ್ಗೆಯಿಂದ ಮೈದಾನವೆಲ್ಲ ಕೇಳುವಂತೆ ಕೂಗಿದ ಗಂಟಲಿನಿಂದ ಒಂದಕ್ಷರ ಹೊರಡಲಿಲ್ಲ. ಗಂಟಲು ಕಟ್ಟಿದ್ದರಿಂದ ಎಂದು ಹೇಳಿ ಅವಳನ್ನು ಬಚಾವು ಮಾಡಬಹುದು. ಆದರೆ ಅದು ಸುಳ್ಳು. ಅವಳಿಗೆ ಹೆದರಿಕೆಯಾಗಿತ್ತು.

ಗೆಲುವು ರದ್ದಾಯಿತು, ಬಹುಮಾನದ ಕಪ್ ಹಳದಿ ಕಾರಿನವನಿಗೆ ಹೋಯಿತು. ಅಷ್ಟಕ್ಕೇ ಮುಗಿಯಲಿಲ್ಲ. ತಪಾಸಣೆಯಲ್ಲಿ ಪಾಸಾದ ಮೇಲೆ ತೂಕ ಇಳಿದಿದ್ದರಿಂದ ಸೋಮವಾರ ಹತ್ತು ಗಂಟೆಗೆ ವಿಚಾರಣೆ ಇಟ್ಟರು. ಬೇಕೆಂದೇ ಮಾಡಿದ್ದಾದರೆ ಡ್ರೈವರಿಗೂ ಮೆಕ್ಯಾನಿಕ್ಕಿಗೂ ಒಂದು ವರ್ಷ ರೇಸಿಗೆ ಬರುವಂತಿಲ್ಲ. ತಿಳಿಯದೆ ಆದದ್ದಾದರೆ ಈ ಒಂದು ರೇಸು ಹೋಯಿತೆಂದು ಬಿಡುತ್ತಾರೆ.

ಸಂಜೆ ತಂಗಿ ಊಟ ಬೇಡವೆಂದು ಕೋಣೆ ಸೇರಿದಳು. ಅಡುಗೆಮನೆಯಲ್ಲಿ ಗಂಡ ತಗ್ಗಿದ ದನಿಯಲ್ಲಿ, "ನೀನೇನೂ ಹೇಳೋಕೆ ಹೋಗಬೇಡ. ಅವಳಿಗೆ ತಾಯಿ ಅಂತ ಇರೋಳು ನೀನೊಬ್ಬಳೇ. ನನ್ನ ಮೇಲೆ ಸಿಟ್ಟು ಮಾಡ್ಕೊಳ್ಳಲಿ ಬಿಡು, ಭಾವ ಅನ್ನೋನು ಇರೋದೇ ಬೈಸಿಕೊಳ್ಳೋಕೆ," ಎಂದ.

"ಅವಳು ವರ್ಷ ಪೂರ್ತಿ ಮನೇಲಿ ಕೂತ್ಕೋಬೇಕಲ್ರೀ."

"ಕೈತಪ್ಪಿ ಆಯ್ತು ಅಂತ ಹೇಳ್ತೀನಿ."

"ನಾಲ್ಕು ಕೇಜಿ ಸೀಸ ಕೈತಪ್ಪಿ ಬಿದ್ರೆ ಕಾಲ್ಬೆರಳಾದ್ರೂ ಮುರೀಬೇಕು. ಯಾರು ನಂಬ್ತಾರೆ?"

ಅವನು ತನ್ನ ಕಾಲ್ಬೆರಳು ನೋಡಿಕೊಂಡ. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಪಾಡೇ ಅಷ್ಟು. ತನ್ನ ಮರ್ಯಾದೆ ಹೋದರೂ ಸರಿ, ಅಕ್ಕತಂಗಿಯರ ನಡುವೆ ಬಿರುಕು ಬೀಳಬಾರದೆಂದು ಹೊರಟ ಈ ಮನುಷ್ಯನ ಮೇಲೆ ಅವಳಿಗೆ ಪ್ರೀತಿ ಉಕ್ಕಿತು. ಅರ್ಧ ಮಾತಾಡಿ ಹೋದದ್ದಕ್ಕೆ ಸಿಟ್ಟೂ ಅಷ್ಟೇ ಬಂತು.

ಬೆಳಿಗ್ಗೆ ಗಂಡ, ತಂಗಿ ಮುಂದೆ ಹೋದರು. ಅಕ್ಕ ಅಂಗಡಿಯ ಬೀಗ ತೆಗೆದು, ಸೀಸದ ಗಟ್ಟಿಯನ್ನು ಕೈಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಆ ಚೀಲ ತೊಡೆಯ ಮೇಲೆ ಕೂತಿತ್ತು. ಇಳಿಯುವಾಗ ಒಂದು ಕ್ಷಣ ಅದನ್ನು ಸೀಟಿನ ಕೆಳಗೇ ಮರೆತುಬಿಡೋಣವೆನ್ನಿಸಿತು. ಮರೆಯಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಮೂವರು: ತೂಕದ ಮೇಷ್ಟ್ರು, ಒಬ್ಬ ವಕೀಲರು, ಟೈಮಿನ ಲೆಕ್ಕ ಇಡುವ ಒಬ್ಬಾಕೆ. ಮೆಕ್ಯಾನಿಕ್ ಆಗಲೇ ತಡವರಿಸುತ್ತ ನಿಂತಿದ್ದ. ಅಕ್ಕ ಸೀದಾ ಒಳಗೆ ಬಂದು ಗಟ್ಟಿಯನ್ನು ಮೇಜಿನ ಮೇಲೆ ಧೊಪ್ಪೆಂದು ಇಟ್ಟಳು. ಚಹಾದ ಲೋಟಗಳು ಕುಣಿದವು.

"ತೆಗೆದಿದ್ದು ನಾನು. ಇವರೂ ಅಲ್ಲ, ನನ್ನ ತಂಗೀನೂ ಅಲ್ಲ."

ತಂಗಿ ಕುರ್ಚಿಯಿಂದ ಅರ್ಧ ಎದ್ದವಳು ಹಾಗೆಯೇ ನಿಂತಳು. ಅಕ್ಕ ಅವಳ ಕಡೆ ನೋಡುವ ಧೈರ್ಯ ಮಾಡದೆ ನಡೆದದ್ದೆಲ್ಲ ಹೇಳಿದಳು.

"ಸೀಟು ಕೊಡುವಾಗ ನಿಮ್ಮೆಜಮಾನರು ಏನಂದ್ರು? ಅವರಂದ ಹಾಗೇ ಹೇಳಿ," ಎಂದರು ವಕೀಲರು.

"ಭಾರ ಇದೆ, ನೋಡ್ಕೋ ಅಂದ್ರು."

"ಸರಿಯಾಗೇ ಇದೆಯಲ್ಲ? ಒಳಗೆ ಭಾರ ಇದೆ, ಜೋಪಾನ ಅಂತ," ಎಂದರು ಮೇಷ್ಟ್ರು.

"ಎಲ್ಲಿ ಸರಿಯಾಗಿದೆ? ಎತ್ತುವಾಗ ಸೊಂಟ ಹಿಡಿದೀತು, ಹುಷಾರು ಅಂತಲ್ವಾ?" ಎಂದರು ವಕೀಲರು.

ಟೈಮಿನಾಕೆ ಇಬ್ಬರನ್ನೂ ನೋಡಿ ಪೆನ್ನು ಕೆಳಗಿಟ್ಟರು. "ನಮ್ಮ ಮನೆಯವರು ಹಾಗಂದಿದ್ರೆ ನಾನೂ ಬಿಚ್ಚಿ ಹಗುರ ಮಾಡ್ತಿದ್ದೆ. ಮೂರು ಜನಕ್ಕೆ ಮೂರು ಅರ್ಥ ಆಯ್ತಲ್ಲ, ಇನ್ನೇನು ವಿಚಾರಣೆ ಮಾಡೋದು?"

ಗಟ್ಟಿಯನ್ನು ತೂಗಿದರು. ಸರಿಯಾಗಿ ನಾಲ್ಕು ಕೇಜಿ. ತಿಳಿಯದೆ ಆದ ತಪ್ಪೆಂದು ಬರೆದರು. ನಿಷೇಧ ಬೀಳಲಿಲ್ಲ, ಗೆಲುವೂ ಮರಳಲಿಲ್ಲ.

ಹೊರಗೆ ಬಂದ ತಂಗಿ ಮೊದಲು ಭಾವನ ಹತ್ತಿರ ಹೋಗಿ ಅವನ ಎರಡೂ ಕೈ ಹಿಡಿದುಕೊಂಡು ನಿಂತಳು. ಅವನು, "ಏ, ಗ್ರೀಸಾಗತ್ತೆ, ಬಿಡು," ಎಂದ. ಕೈಯಲ್ಲಿ ಗ್ರೀಸೇನೂ ಇರಲಿಲ್ಲ. ಆಮೇಲೆ ಅಕ್ಕನ ಕಡೆ ತಿರುಗಿದಳು.

"ನಿನ್ನೆನೇ ಯಾಕೆ ಹೇಳ್ಲಿಲ್ಲ?"

"ಹೆದರಿಕೆ ಆಯ್ತು ಕಣೇ."

"ಯಾರಿಗೆ? ನನಗಾ?" ತಂಗಿಯ ಕಣ್ಣು ತುಂಬಿತ್ತು. "ಕಪ್ ಹೋದ್ರೆ ಹೋಗ್ಲಿ ಅಕ್ಕ. ಆದ್ರೆ ಎಂಟು ವರ್ಷಕ್ಕೆ ಒಂದ್ಸಲ ಗೆದ್ದೆ ಅಂದ್ಕೊಂಡಿದ್ದೆ. ಗೆದ್ದಿದ್ದು ನಾನಾ, ಇಲ್ಲ ಆ ನಾಲ್ಕು ಕೇಜಿನಾ? ಅದು ನನಗೆ ಹೇಗೆ ಗೊತ್ತಾಗಬೇಕು?"

ಬೈದಿದ್ದರೆ ಅಕ್ಕ ಸಹಿಸುತ್ತಿದ್ದಳು. ಈ ಪ್ರಶ್ನೆ ಅವಳ ಎದೆಯಲ್ಲಿ ಕೂತುಬಿಟ್ಟಿತು. ಎರಡು ತಿಂಗಳು ಯಾವ ಸೀಟು ಹೊಲಿಯುತ್ತಿದ್ದರೂ ಅದೇ ಪ್ರಶ್ನೆ. ತಂಗಿ ಮಾತು ಬಿಡಲಿಲ್ಲ, ಮುನಿಸಿಕೊಳ್ಳಲಿಲ್ಲ, ಊಟಕ್ಕೆ ಜೊತೆಯಲ್ಲೇ ಕೂರುತ್ತಿದ್ದಳು. ಆದರೆ ನಗು ಮಾತ್ರ ಮೊದಲಿನ ಹಾಗೆ ಮನೆಯಲ್ಲಿ ಓಡಾಡುತ್ತಿರಲಿಲ್ಲ.

ಮುಂದಿನ ರೇಸಿಗೆ ವಾರವಿದೆ ಎನ್ನುವಾಗ ತಂಗಿಯೇ ಸೀಟನ್ನು ಹೊತ್ತು ತಂದು ಅಕ್ಕನ ಮೇಜಿನ ಮೇಲಿಟ್ಟಳು.

"ಸೀಸಕ್ಕೆ ಒಂದು ಗಟ್ಟಿ ಚೀಲ ಹೊಲಿದುಕೊಡು. ಭಾವನ ಹೊಲಿಗೆ ನೋಡೋಕಾಗಲ್ಲ."

"ನಾನಾ?"

"ಮತ್ತಿನ್ಯಾರು? ನಿನ್ನ ಕೈಯ ಹೊಲಿಗೆ ಬಿಟ್ಟು ಇನ್ನು ಬೇರೆಯವರದ್ದರ ಮೇಲೆ ನಾನು ಕೂರ್ತೀನಾ?"

ಅಷ್ಟು ಸಾಕಾಯಿತು ಅಕ್ಕನಿಗೆ. ಜೋಡಿ ಹೊಲಿಗೆ ಹಾಕಿ, ಮೇಲೆ ಪಟ್ಟಿ ಬಿಗಿದು, ಆನೆ ಎಳೆದರೂ ಕೀಳದ ಹಾಗೆ ಚೀಲ ಹೊಲಿದಳು. ರೇಸಿನ ಹಿಂದಿನ ದಿನದ ತಪಾಸಣೆಯಲ್ಲಿ ಕಾರು ಏಳುನೂರ ಎರಡು ತೂಗಿತು. ಆದರೂ ಅವಳ ಜೀವಕ್ಕೆ ಸಮಾಧಾನವಿಲ್ಲ. ರೇಸಿನ ಬೆಳಿಗ್ಗೆ, "ಒಂದು ಹೊಲಿಗೆ ಬಾಕಿ ಇದೆ" ಎಂದು ಸೀಟನ್ನು ತರಿಸಿಕೊಂಡು ವ್ಯಾನಿನಲ್ಲಿ ಹತ್ತು ನಿಮಿಷ ಕೂತಿದ್ದಳು. ಆಮೇಲೆ ಗಂಡನ ಕೈಗೆ ಕೊಡುತ್ತ, "ಭಾರ ಇದೆ, ನೋಡ್ಕೊಳ್ಳಿ," ಎಂದಳು. ಹಳೆಯದನ್ನು ನೆನೆಸಿ ತಮಾಷೆ ಮಾಡುತ್ತಿದ್ದಾಳೆಂದು ಅವನು ನಕ್ಕು, ಸೀಟು ಕೂರಿಸಿ ಬೋಲ್ಟು ಬಿಗಿದ.

ಆ ದಿನವೂ ಹದಿನೇಳನೆಯ ಸುತ್ತಿನವರೆಗೆ ಹಳದಿ ಕಾರು ಮುಂದಿತ್ತು. ಹದಿನೆಂಟರಲ್ಲಿ ತಂಗಿ ಹೊರತಿರುವಿನಿಂದ, ಯಾರೂ ಹೋಗದ ಕಡೆಯಿಂದ, ಸುತ್ತಿ ಬಂದಳು. ಕೊನೆಯ ಗೆರೆ ದಾಟುವಾಗ ಎರಡರ ನಡುವೆ ಒಂದು ಇಡೀ ಕಾರು ನಿಲ್ಲುವಷ್ಟು ಜಾಗವಿತ್ತು. ಈ ಸಲ ಅಕ್ಕ ಕೂಗಲಿಲ್ಲ. ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನೇರ ತಗಡಿನ ಸೂರಿಗೆ ನಡೆದಳು.

ಮೇಷ್ಟ್ರು ಅಂಕಿ ನೋಡಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ನೋಡಿದರು. ಸ್ಟಿಯರಿಂಗಿನ ಹಿಂದೆ ಕೂತಿದ್ದ ತಂಗಿಯ ಮುಖ ಬಿಳಿಚಿಕೊಂಡಿತು.

"ಏಳುನೂರ ಆರು," ಎಂದರು ಮೇಷ್ಟ್ರು. "ನಾಲ್ಕು ಕೇಜಿ ಜಾಸ್ತಿ. ಏನಪ್ಪ ನಿಮ್ಮ ಕಾರಿನ ಕತೆ?"

ಮೆಕ್ಯಾನಿಕ್ ಹೆಂಡತಿಯನ್ನು ನೋಡಿದ.

"ನಿಮ್ಮ ತಕ್ಕಡಿಯಲ್ಲೇ ಹೆಚ್ಚುಕಮ್ಮಿ ಆದ್ರೆ ಅಂತ ಭಯ ಆಯ್ತು," ಎಂದಳು ಅಕ್ಕ ಮೇಷ್ಟ್ರಿಗೆ. "ಇರಲಿ ಅಂತ ಅಷ್ಟೇ ತೂಕದ ಇನ್ನೊಂದು ಗಟ್ಟಿ ಸೇರಿಸಿ ಹೊಲಿದೆ." ಆಮೇಲೆ ಗಂಡನಿಗೆ, "ನಾನು ಹೇಳೇ ಕೊಟ್ಟೆನಲ್ರೀ, ಭಾರ ಇದೆ, ನೋಡ್ಕೊಳ್ಳಿ ಅಂತ!"

ಮೇಷ್ಟ್ರು ನಿಯಮದ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿ ಹಾಕಿದರು. ಕಡಿಮೆ ತೂಗಿದರೆ ಏನೇನು ಶಿಕ್ಷೆಯೆಂದು ಎರಡು ಪುಟವಿತ್ತು. ಹೆಚ್ಚು ತೂಗಿದರೆ ಏನೆಂದು ಒಂದು ಸಾಲೂ ಇರಲಿಲ್ಲ. ಹೊರೆ ಹೊತ್ತುಕೊಂಡು ಓಡುವ ಪೆದ್ದರು ಇರುತ್ತಾರೆಂದು ಬರೆದವರಿಗೆ ಹೊಳೆದಿರಲಿಲ್ಲ. ಪುಸ್ತಕ ಮುಚ್ಚಿ ಚೀಟಿಗೆ ಸಹಿ ಹಾಕಿದರು.

ತಂಗಿ ಮಾತ್ರ ಕಾರಿನಿಂದ ಇಳಿದಿರಲಿಲ್ಲ. ಬೆರಳು ಮಡಚುತ್ತ ಏನೋ ಲೆಕ್ಕ ಹಾಕುತ್ತಿದ್ದಳು.

"ಅಕ್ಕ, ಆವತ್ತು ನಾಲ್ಕು ಕಮ್ಮಿ ಇತ್ತು."

"ಹೂಂ ಕಣೇ."

"ಇವತ್ತು ನಾಲ್ಕು ಜಾಸ್ತಿ. ಆವತ್ತಿಗಿಂತ ಎಂಟು ಕೇಜಿ ಹೆಚ್ಚು ಹೊತ್ತಿದೀನಿ. ಆದ್ರೂ ಅವನು ಹಿಂದೆ."

"ಹೂಂ."

"ಹಾಗಾದ್ರೆ ಆವತ್ತೂ ಗೆದ್ದಿದ್ದು ನಾನೇ!"

ಎರಡು ತಿಂಗಳಿಂದ ಕಾಣೆಯಾಗಿದ್ದ ನಗು ಆ ತಗಡಿನ ಸೂರಿನ ಕೆಳಗೆ ಸಿಕ್ಕಿತು. ನಗುತ್ತಲೇ ಅವಳು ಕಾರಿನೊಳಗಿಂದ ಎರಡೂ ಕೈ ಚಾಚಿದಳು. ಅಕ್ಕ ಬಗ್ಗಿ, ಚಿಕ್ಕಂದಿನಲ್ಲಿ ತೊಟ್ಟಿಲಿಂದ ಎತ್ತುತ್ತಿದ್ದ ಹಾಗೆ, ಕಂಕುಳಿಗೆ ಕೈ ಕೊಟ್ಟು ಅವಳನ್ನು ಸೀಟಿನಿಂದ ಎತ್ತಿಕೊಂಡಳು. ಹಿಂದಿನಿಂದ ಗಂಡ ಗಾಬರಿಯಾಗಿ ಕೂಗಿದ.

"ಏ, ಭಾರ ಇದಾಳೆ, ನೋಡ್ಕೋ!"

"ನೋಡ್ಕೋತಾನೇ ಇದೀನಿ," ಎಂದಳು ಅಕ್ಕ.